ಮರ ರಂಗಕ್ಕೆ ಬರಲಿ, ಹೈಬನಾರ ಹಾಡು ಬೇಡ

ಪತ್ರ: ಎಂಬೆರಾ ಬುಡಕಟ್ಟಿನ ಜನರ ಬಗೆಗಿನ ಲೇಖನ ಓದಿದೆ. ಅವರ ನೀರಿನ ಕಥೆಯನ್ನು ನಮ್ಮ ಶಾಲೆಯ ಮಕ್ಕಳಿಂದ ಆಡಿಸಬೇಕೆಂದಿದ್ದೇನೆ. ಕೊನೆಯಲ್ಲಿ ಅವರ ಮಂತ್ರವೈದ್ಯ, ಅಂದರೆ ಹೈಬನಾ, ರೋಗಿಗೆ ಚಿಕಿತ್ಸೆ ಮಾಡುವ ದೃಶ್ಯ ಸೇರಿಸಬಹುದೇ? ನಾಟಕ ಆಡಿದರೆ ಎಂಬೆರಾ ಭಾಷೆ ಉಳಿಯುತ್ತದೆ ಎಂದು ಬರೆದಿದ್ದೀರಿ, ಅದು ಹೇಗೆ?
— ಶಿಕ್ಷಕರೊಬ್ಬರು, ಧಾರವಾಡ

ಸಂಪಾದಕರ ಉತ್ತರ: ಮೇಷ್ಟ್ರೇ, ಕಥೆಯನ್ನು ಧಾರಾಳವಾಗಿ ಆಡಿಸಿ. ಚಿಕಿತ್ಸೆಯ ದೃಶ್ಯ ಮಾತ್ರ ಬಿಡಿ.

ಕೊಲಂಬಿಯಾ, ಪನಾಮಾಗಳ ಎಂಬೆರಾಗಳಲ್ಲಿ ಹೈಬನಾ ಎಂದರೆ 'ಹೈ' ಎಂಬ ಕಾಣದ ಶಕ್ತಿಗಳೊಡನೆ ವ್ಯವಹರಿಸುವವರು. ಗಂಡಸರೂ ಉಂಟು, ಹೆಂಗಸರೂ ಉಂಟು. ರೋಗ ತರುವುದೂ ಹೈ, ಬಿಡಿಸುವುದೂ ಹೈ. ರಾತ್ರಿ ಎಲೆ ಹಾಸಿ, ಕಾಯಿ ಬುರುಡೆಯ ಬಟ್ಟಲುಗಳಲ್ಲಿ ಚಿಚಾ ಎಂಬ ಮೆಕ್ಕೆಜೋಳದ ಹುದುಗು ಪಾನೀಯ ಇಟ್ಟು, ಒಂದು ಕೈಯಲ್ಲಿ ಕೆತ್ತನೆಯ ಕೋಲು, ಇನ್ನೊಂದರಲ್ಲಿ ಎಲೆಗಳ ಗೊಂಚಲು ಹಿಡಿದು ಗಂಟೆಗಟ್ಟಲೆ ಹಾಡುತ್ತಾರೆ. ಆ ಹಾಡು ವರ್ಣನೆಯಲ್ಲ, ಕರೆ. ಕರೆಯಲು ಬಂದರೆ ಸಾಲದು, ಕಳಿಸಲೂ ಬರಬೇಕು. ಗುರುವಿನಿಂದ ಶಿಷ್ಯನಿಗೆ ಬರುವ ಕೋಲನ್ನು ಥರ್ಮಾಕೋಲಿನಲ್ಲಿ ಮಾಡಿ ಮಕ್ಕಳ ಕೈಗೆ ಕೊಡುವುದು ನಮಗೆ ಸರಿ ಕಾಣುವುದಿಲ್ಲ. ದೈವದ ವೇಷ ವೇದಿಕೆ ಏರಿದಾಗೆಲ್ಲ ಕರಾವಳಿಯಲ್ಲಿ ಏಕೆ ಆಕ್ಷೇಪ ಏಳುತ್ತದೆಂದು ಬಲ್ಲವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಕಥೆಯ ಮಾತು ಬೇರೆ. ಅದು ಹೇಳುವುದಕ್ಕೇ ಇರುವುದು. ಎಂಬೆರಾಗಳ ಸೃಷ್ಟಿಕರ್ತ ಕರಗಬಿ ನೀರು ಹುಡುಕುತ್ತಾನೆ. ಹೆನ್ಸೆರಾ ಎಂಬ ಹೆಂಗಸು ಅದನ್ನು ಬಚ್ಚಿಟ್ಟುಕೊಂಡು ಕೊಡುವುದಿಲ್ಲ, ಅವಳನ್ನು ಇರುವೆ ಮಾಡುತ್ತಾನೆ. ನೀರಿರುವುದು ಹೆನೆನೆ ಎಂಬ ಮಹಾವೃಕ್ಷದೊಳಗೆ. ಕಡಿಯುತ್ತಾರೆ, ಬೆಳಗಾದರೆ ಗಾಯ ಕೂಡಿರುತ್ತದೆ. ಪೂರ್ತಿ ಕಡಿದ ಮೇಲೂ ಮರ ಬಳ್ಳಿಗಳಿಗೆ ಸಿಕ್ಕಿ ನಿಲ್ಲುತ್ತದೆ, ಪುಟ್ಟ ಪ್ರಾಣಿಗಳು ಹತ್ತಿ ಬಿಡಿಸಬೇಕು. ಬಿದ್ದಾಗ ಕಾಂಡ ಕಡಲಾಗುತ್ತದೆ, ಕೊಂಬೆ ಹೊಳೆಯಾಗುತ್ತದೆ, ರೆಂಬೆ ಹಳ್ಳವಾಗುತ್ತದೆ. ಊರಿಂದೂರಿಗೆ ಕಥೆ ಬದಲಾಗುವುದರಿಂದ 'ಹೀಗೂ ಹೇಳುತ್ತಾರೆ' ಎಂದು ನಿರೂಪಕನ ಬಾಯಲ್ಲಿ ಒಂದು ಮಾತು ಹಾಕಿ.

ಭಾಷೆಯ ಪ್ರಶ್ನೆಗೆ ಉತ್ತರವೂ ಈ ಕಥೆಯಲ್ಲೇ ಸಿಗುತ್ತದೆ. ಎಂಬೆರಾ ಮಕ್ಕಳು ಆಡುವಾಗ ಮರ ಹತ್ತುವ ಪ್ರತಿ ಪ್ರಾಣಿಗೂ ಎಂಬೆರಾದ ಒಂದೇ ವಾಕ್ಯ ಕೊಟ್ಟು ಹೆಸರನ್ನಷ್ಟೇ ಬದಲಿಸಿದರೆ, ಐದನೆಯ ಸಲಕ್ಕೆ ಮೂಲೆಯಲ್ಲಿ ಕೂತ ಮಗುವೂ ಅದನ್ನು ಹೇಳುತ್ತದೆ. ಕಾನೂನಿನ ಬೆಂಬಲಕ್ಕೆ ಕೊರತೆಯಿಲ್ಲ: ಕೊಲಂಬಿಯಾದ 1991ರ ಸಂವಿಧಾನ ಬುಡಕಟ್ಟು ಭಾಷೆಗಳಿಗೆ ಅವುಗಳ ನೆಲದಲ್ಲಿ ಅಧಿಕೃತ ಸ್ಥಾನ ಕೊಟ್ಟಿದೆ, 2010ರಲ್ಲಿ ಪ್ರತ್ಯೇಕ ಭಾಷಾ ಕಾಯಿದೆಯೂ ಬಂತು. ಆದರೆ ಹಿಂಸೆಗೆ ಹೆದರಿ ರಾಜಧಾನಿ ಬೊಗೋಟಾ ಸೇರಿದ ಕುಟುಂಬಗಳ ಮಕ್ಕಳಿಗೆ ಬೀದಿಯೂ ಶಾಲೆಯೂ ಸ್ಪ್ಯಾನಿಷ್. ಅಂಥ ಮಗುವಿಗೆ ಜಗಳವಾಡಲು, ತಮಾಷೆ ಮಾಡಲು ಎಂಬೆರಾ ಬೇಕೆನಿಸುವ ಜಾಗವೊಂದು ಬೇಕು, ನಾಟಕ ಅಂಥ ಜಾಗ.

ಅಲ್ಲಿ ಇಂಥ ನಾಟಕಗಳು ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ಮೊದಲನೆಯದು, ಕಥೆಯನ್ನೆಲ್ಲ ಸ್ಪ್ಯಾನಿಷ್ ನಿರೂಪಕನಿಗೆ ಬಿಟ್ಟು ಎಂಬೆರಾವನ್ನು ಹಾಡಿಗೆ, ನಮಸ್ಕಾರಕ್ಕೆ ಇಟ್ಟುಕೊಳ್ಳುವುದು. ಆಗ ಭಾಷೆ ಬರೀ ಅಲಂಕಾರ. ಎರಡನೆಯದು, ಸ್ಪ್ಯಾನಿಷ್‌ನಲ್ಲಿ ಬರೆದು ಸಾಲುಸಾಲಾಗಿ ಅನುವಾದಿಸುವುದು. ಎಂಬೆರಾದಲ್ಲೂ ನಮ್ಮ ಹಾಗೆ ಕ್ರಿಯಾಪದ ಕೊನೆಗೆ ಬರುತ್ತದೆ. ಸ್ಪ್ಯಾನಿಷ್ ಅಚ್ಚಿನಲ್ಲಿ ಎರಕ ಹೊಯ್ದರೆ ಅಜ್ಜಿಯರು ನಗುತ್ತಾರೆ. ಹಿರಿಯರು ಹೇಳುವುದನ್ನು ಮೊದಲು ಧ್ವನಿಮುದ್ರಿಸಿ, ತುಂಡುತುಂಡಾಗಿ ಕೇಳಿಸಿ, ಕಿವಿಯಿಂದಲೇ ಕಲಿಸಬೇಕು. ಆರು ಸ್ವರಗಳಿಗೂ ಅನುನಾಸಿಕ ಜೋಡಿಗಳಿವೆ, ಮೂಗಿನ ಗುರುತಿಲ್ಲದೆ ಬರೆದ ಹಾಳೆ ನೋಡಿ ಕಲಿತ ಮಗು ಅವನ್ನು ನುಂಗಿಬಿಡುತ್ತದೆ. ಹೊಳೆಯ ಕಡೆಯ ದೋಬಿದಾ, ಬೆಟ್ಟದ ಕಡೆಯ ಏಯಾಬಿದಾ ಎಂದು ನುಡಿಭೇದಗಳೂ ಉಂಟು. ಎಲ್ಲರನ್ನೂ ಒಂದೇ ನುಡಿಗೆ ಎಳೆಯಬಾರದು, ಬೇರೆ ಕಡೆಯವರಿಗೆ ದೂರದಿಂದ ಬಂದ ಪ್ರಾಣಿಯ ಪಾತ್ರ ಕೊಟ್ಟರಾಯಿತು.

ನಿಮ್ಮ ಮಕ್ಕಳು ಕನ್ನಡದಲ್ಲೇ ಆಡಲಿ. ಕರಗಬಿ, ಹೆನೆನೆ ಹೆಸರುಗಳು ಹಾಗೇ ಇರಲಿ. ಪ್ರಸಾಧನದ ಬಗ್ಗೆ ಒಂದು ಮಾತು. ಎಂಬೆರಾಗಳು ಮೈಗೆ ಬಳಿಯುವುದು ಹಾಗುವಾ ಕಾಯಿಯ ರಸ. ಹಸಿ ಕಾಯಿ ತುರಿದು ಹಿಂಡಿದಾಗ ರಸಕ್ಕೆ ಬಣ್ಣವೇ ಇರುವುದಿಲ್ಲ, ಗೆರೆ ಕಾಣಲೆಂದು ಇದ್ದಿಲ ಪುಡಿ ಬೆರೆಸುತ್ತಾರೆ. ಕೆಲವು ಗಂಟೆಗಳಲ್ಲಿ ಚರ್ಮದ ಮೇಲೆ ನೀಲಿಗಪ್ಪು ಏರಿ ವಾರಕ್ಕೂ ಹೆಚ್ಚು ಉಳಿಯುತ್ತದೆ. ಹಾಗಾಗಿ ಅಲ್ಲಿ ಹಿಂದಿನ ದಿನವೇ ಬಳಿದಿರಬೇಕು, ಒಬ್ಬನೇ ಎರಡು ಪಾತ್ರ ಮಾಡಿದರೆ ನಡುವೆ ಗೆರೆ ಬದಲಿಸಲು ಆಗದು. ನಿಮಗೆ ಕಾಡಿಗೆ ಸಾಕು, ಎಣ್ಣೆ ಹಚ್ಚಿ ಒರೆಸಿದರೆ ಹೋಗುತ್ತದೆ.