ಗಾಳಿ ಊರಿನದ್ದು, ಗಳಿಕೆ ಯಾರದ್ದು?

ಕಳೆದ ಸಂಚಿಕೆಯಲ್ಲಿ ಗದಗಕ್ಕೆ ಹೋಗಿ ಬಂದದ್ದನ್ನು ಬರೆಯುತ್ತಾ ಅಲ್ಲಿನ ಗಾಳಿಯಂತ್ರಗಳ ಬಗ್ಗೆ ನಾಲ್ಕು ಸಾಲು ಸೇರಿಸಿದ್ದೆ. ಗಿರ್ಮಿಟ್ ಬಗ್ಗೆ ಅದಕ್ಕಿಂತ ಜಾಸ್ತಿಯೇ ಬರೆದಿದ್ದೆ. ಆದರೆ ಬಂದ ಪತ್ರಗಳೆಲ್ಲ ಗಾಳಿಯಂತ್ರದ ಮೇಲೆ! ಹಾಗಾಗಿ ಈ ಸಲ ಉಳಿದ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇದನ್ನೇ ಹಿಡಿದುಕೊಂಡಿದ್ದೇನೆ.

ಪ್ರಶ್ನೆ: ನನ್ನ ತವರು ಗದಗ ಜಿಲ್ಲೆಯ ಮುಂಡರಗಿ ಕಡೆ. ಮದುವೆಯಾಗಿ ಮಣಿಪಾಲಕ್ಕೆ ಬಂದು 19 ವರ್ಷವಾಯಿತು. ನಮ್ಮೂರಿನ ಸುತ್ತ ಗಾಳಿ ವಿದ್ಯುತ್ ಯೋಜನೆ ಬರುತ್ತದಂತೆ. ತಮ್ಮನಿಗೆ ಒಂಬತ್ತು ಎಕರೆ ಎರೆ ಹೊಲ ಇದೆ. ಕಂಪನಿಯವರು ಅಂತ ಹೇಳಿಕೊಂಡು ಇಬ್ಬರು ಬಂದು ಮೂರು ಎಕರೆ ಕೇಳಿದ್ದಾರೆ. ಮಾರಿದರೂ ಸರಿ, 30 ವರ್ಷಕ್ಕೆ ಲೀಸಿಗೆ ಕೊಟ್ಟರೂ ಸರಿ ಅಂತೆ. ಊರಿಗೆ ರಸ್ತೆ ಬರುತ್ತದೆ, ಹುಡುಗರಿಗೆ ಕೆಲಸ ಸಿಗುತ್ತದೆ ಅಂತೆಲ್ಲ ಹೇಳಿದ್ದಾರೆ. 'ಅಕ್ಕಾ, ನೀ ಓದಿದವರ ಊರಾಗ ಇದ್ದಿ, ಯಾರಿಗಾದರೂ ಕೇಳಿ ಹೇಳು' ಅಂತ ತಮ್ಮ ದಿನಾ ಫೋನ್ ಮಾಡುತ್ತಾನೆ. ನಿಜವಾಗಿ ಊರಿಗೆ ಲಾಭ ಇದೆಯಾ ಸರ್? (ಓದುಗರು, ಮಣಿಪಾಲ)

ಉತ್ತರ: ಲಾಭ ಇದೆ ಅಮ್ಮ. ಆದರೆ ಸಹಿ ಹಾಕುವ ಕಾಗದದಲ್ಲಿ ಬರೆದಿದ್ದರೆ ಮಾತ್ರ. ಬಾಯಲ್ಲಿ ಹೇಳಿದ್ದು ಕಂಬ ನಿಲ್ಲುವವರೆಗೆ.

ಮೊದಲು ಆ ಯಂತ್ರದ ದುಡಿಮೆ ಎಷ್ಟು ಅಂತ ತಮ್ಮ ತಿಳಿದುಕೊಳ್ಳಲಿ. ಈಗ ಬರುತ್ತಿರುವವು ಸುಮಾರು 3 ಮೆಗಾವಾಟಿನ ಯಂತ್ರಗಳು, ಅಂದರೆ ಪೂರ್ತಿ ಶಕ್ತಿಯಲ್ಲಿ ತಿರುಗಿದರೆ ಗಂಟೆಗೆ 3,000 ಯೂನಿಟ್. ಗಾಳಿ ಒಂದೇ ಸಮ ಇರುವುದಿಲ್ಲ, ಆದ್ದರಿಂದ ವರ್ಷದ ಎಲ್ಲ ಗಂಟೆಯೂ ಪೂರ್ತಿ ಕರೆಂಟು ಬರುವುದಿಲ್ಲ. ಪೂರ್ತಿ ಬಂದರೆ ಎಷ್ಟೋ ಅದರಲ್ಲಿ ನೂರಕ್ಕೆ 30 ಸಿಕ್ಕಿತು ಅಂತ ಇಟ್ಟುಕೊಳ್ಳಿ. ವರ್ಷಕ್ಕೆ ಸುಮಾರು 78 ಲಕ್ಷ ಯೂನಿಟ್ ಆಯಿತು. ಯೂನಿಟ್‌ಗೆ ಮೂರೂವರೆ ರೂಪಾಯಿ ಹಿಡಿದರೆ 2 ಕೋಟಿ 70 ಲಕ್ಷ ರೂಪಾಯಿ. ಇದು ಲಾಭ ಅಲ್ಲ, ವಹಿವಾಟು ಮಾತ್ರ. ಒಂದು ಯಂತ್ರ ನಿಲ್ಲಿಸುವುದಕ್ಕೇ ಇಪ್ಪತ್ತು ಕೋಟಿಯ ಆಸುಪಾಸು ಬೀಳುತ್ತದೆ, ಮೇಲೆ ಬ್ಯಾಂಕಿನ ಬಡ್ಡಿ. ಆದರೂ ಆ ಅಂಕಿ ತಮ್ಮನ ತಲೆಯಲ್ಲಿರಲಿ. ಮೂರು ಎಕರೆಯಲ್ಲಿ ಕಡಲೆ ಎಷ್ಟು ಬರುತ್ತದೆ ಅಂತ ನೋಡಿ ಲೀಸಿನ ದರ ಹೇಳುತ್ತಾರಲ್ಲ, ಅವರಿಗೆ ಅದೇ ಜಾಗದಲ್ಲಿ ಕರೆಂಟು ಎಷ್ಟು ಬರುತ್ತದೆ ಅಂತ ಇವನಿಗೂ ಗೊತ್ತಿದೆ ಅನ್ನುವುದು ತಿಳಿಯಬೇಕು.

ಮಾರುವುದೋ ಲೀಸಿಗೆ ಕೊಡುವುದೋ? ನಾನಾದರೆ ಮಾರುವುದಿಲ್ಲ. ಕಂಬದ ಬುಡ, ಕ್ರೇನ್ ನಿಲ್ಲುವ ಜಾಗ, ದಾರಿ, ಇಷ್ಟು ಬಿಟ್ಟರೆ ಉಳಿದ ಜಾಗದಲ್ಲಿ ಬಿತ್ತನೆ ಮಾಡಬಹುದು. ನಾನು ನೋಡಿದ ಒಂದು ಕಂಬದಿಂದ ಹತ್ತು ಹೆಜ್ಜೆಗೆ ಕಡಲೆ ಗಿಡ ಶುರುವಾಗಿತ್ತು. ಒಬ್ಬರು ಅಜ್ಜಿ ಬುತ್ತಿ ಬಿಚ್ಚಿಕೊಂಡು ಕಂಬದ ನೆರಳಿನಲ್ಲಿ ಕೂತಿದ್ದರು. ಸುತ್ತ ಒಂದು ಮರ ಇಲ್ಲ. ನೆರಳು ಸರಿದ ಹಾಗೆ ಅಜ್ಜಿಯೂ ರೊಟ್ಟಿ ಬುತ್ತಿ ಸಮೇತ ಸರಿಯುತ್ತಿದ್ದರು. ಮೇಲೆ ರೆಕ್ಕೆ ಸೊಂಯ್, ಸೊಂಯ್ ಅಂತ ತಿರುಗುತ್ತಿತ್ತು. 'ಏನ್ ತ್ರಾಸ ಇಲ್ರಿ, ರಾತ್ರಿ ಅಷ್ಟ ಸಪ್ಪಳ' ಅಂದರು. ಆ ಸಪ್ಪಳದ ಕಾರಣಕ್ಕೇ ಮನೆಗಳಿಂದ ಕನಿಷ್ಠ 500 ಮೀಟರ್ ದೂರ ಇರಬೇಕು ಅಂತ ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿ ಹೇಳುತ್ತದೆ. ಹೊಲದಲ್ಲಿ ತಮ್ಮನದ್ದೋ ಪಕ್ಕದವರದ್ದೋ ಮನೆ ಇದ್ದರೆ ಟೇಪು ಹಿಡಿದು ಅಳೆದೇ ಮುಂದಿನ ಮಾತು.

ಇನ್ನು ಕಾಗದ. ಬಂದ ಇಬ್ಬರು ಕಂಪನಿಯವರೇ ಅಂತ ಹೇಗೆ ಗೊತ್ತು? ಎಷ್ಟೋ ಕಡೆ ಜಮೀನು ಕೂಡಿಸಿ ಕೊಡುವ ಮಧ್ಯವರ್ತಿಗಳು ಮೊದಲು ಬರುತ್ತಾರೆ, ಅವರ ಕೆಲಸ ನಿಮ್ಮ ಸಹಿ ಬಿದ್ದ ದಿನ ಮುಗಿಯುತ್ತದೆ. ಕರಾರು ಕನ್ನಡದಲ್ಲಿರಲಿ, ಉಪನೋಂದಣಿ ಕಚೇರಿಯಲ್ಲಿ ನೋಂದಣಿ ಆಗಲಿ. ಬಾಡಿಗೆ ಎಷ್ಟು ವರ್ಷಕ್ಕೊಮ್ಮೆ ಎಷ್ಟು ಏರುತ್ತದೆ, ಭೂಪರಿವರ್ತನೆಯ ಖರ್ಚು ಯಾರದ್ದು, ಕಂಪನಿ ಇನ್ನೊಬ್ಬರಿಗೆ ಮಾರಿದರೆ ಬಾಡಿಗೆ ಕೊಡುವವರು ಯಾರು, ಯಂತ್ರ ನಿಲ್ಲಿಸದೆ ಹೊಲ ಹಿಡಿದಿಟ್ಟುಕೊಂಡರೆ ಎಷ್ಟು ದಿನದ ಮೇಲೆ ಕರಾರು ರದ್ದು, ಇಷ್ಟೂ ಅದರಲ್ಲಿ ಇರಬೇಕು. ಇನ್ನೊಬ್ಬರ ಹೊಲದ ಕರಾರಿನ ಜೆರಾಕ್ಸ್ ತಂದು ಪಕ್ಕದಲ್ಲಿಟ್ಟು ಓದಿದರೆ ಇನ್ನೂ ಒಳ್ಳೆಯದು. ಎಲ್ಲರೂ ಗುಟ್ಟಾಗಿ ಒಬ್ಬೊಬ್ಬರೇ ಸಹಿ ಮಾಡಿದರೆ ಎಲ್ಲರಿಗೂ ಕಡಿಮೆ ದರವೇ.

ನೀವು ಕೇಳಿದ್ದು ತಮ್ಮನ ಲಾಭ ಅಲ್ಲ, ಊರಿನ ಲಾಭ. ಅಸಲಿ ಜಗಳ ಇರುವುದೂ ಅಲ್ಲೇ. ಕಂಬ ನಿಂತ ಹೊಲದವನಿಗೆ ಬಾಡಿಗೆ ಸಿಗುತ್ತದೆ. ಅವನ ಪಕ್ಕದವನಿಗೆ ಧೂಳು, ಲಾರಿ, ತಲೆ ಮೇಲೆ ತಂತಿ. ಕೂಲಿಗೆ ಹೋಗುವವನಿಗೆ ಅದೂ ಇಲ್ಲ. ಕೆಲಸದ ವಿಚಾರ ಹೇಳುವುದಾದರೆ, ಅಡಿಪಾಯ ತೋಡುವ, ಕಾಂಕ್ರೀಟು ಹಾಕುವ ಕೆಲವು ತಿಂಗಳು ಒಳ್ಳೆ ಗಲಾಟೆ ಇರುತ್ತದೆ, ಆಮೇಲೆ ಉಳಿಯುವುದು ಕೆಲವು ವಾಚ್‌ಮನ್ನರು ಮತ್ತು ಕೆಲವು ತಂತ್ರಜ್ಞರು. ಊರಿನ ಐಟಿಐ ಹುಡುಗರನ್ನು ಕಳಿಸಿ ಕಲಿಸುತ್ತೀರಾ ಅಂತ ಈಗಲೇ ಕೇಳಬೇಕು. ರಸ್ತೆ ಬರುವುದಂತೂ ನಿಜ, ರೆಕ್ಕೆ ಸಾಗಿಸಲು ಅವರಿಗೇ ಬೇಕಲ್ಲ! ಅದನ್ನು ಊರಿಗೆ ಮಾಡಿದ ಉಪಕಾರ ಅಂತ ಎಣಿಸಬೇಡಿ.

ಸ್ಕಾಟ್ಲೆಂಡಿನಲ್ಲಿ ಒಂದು ಪದ್ಧತಿ ಇದೆ. ಗಾಳಿ ಯೋಜನೆ ಮಾಡುವವರು ಪ್ರತಿ ಮೆಗಾವಾಟಿಗೆ ವರ್ಷಕ್ಕೆ 5,000 ಪೌಂಡ್ ಸ್ಥಳೀಯರ ನಿಧಿಗೆ ಕೊಡಬೇಕು ಅಂತ ಅಲ್ಲಿನ ಸರ್ಕಾರದ ಸಲಹೆ. ಕಾನೂನಿನ ಕಟ್ಟು ಅಲ್ಲ, ಆದರೂ ರೂಢಿಯಾಗಿದೆ. ನಮ್ಮ 3 ಮೆಗಾವಾಟಿನ ಯಂತ್ರಕ್ಕೆ ಅದೇ ಲೆಕ್ಕ ಹಾಕಿದರೆ ವರ್ಷಕ್ಕೆ 15 ಲಕ್ಷ ರೂಪಾಯಿ ದಾಟುತ್ತದೆ, ಒಂದೇ ಕಂಬಕ್ಕೆ! ಅಲ್ಲಿನ ಫಿಂಟ್ರಿ ಅನ್ನುವ ಹಳ್ಳಿಯವರು ಇನ್ನೂ ಚುರುಕು. ಹತ್ತಿರದ ಗುಡ್ಡದಲ್ಲಿ 14 ಯಂತ್ರ ಬರುವುದಿತ್ತು. ಇವರು ಹೋಗಿ, ಹದಿನೈದನೆಯದು ಹಾಕಿ, ಅದು ನಮ್ಮ ಊರಿನ ಲೆಕ್ಕಕ್ಕೆ ಅಂದರು. ಅದರ ಖರ್ಚನ್ನು ಅದರ ಆದಾಯದಿಂದಲೇ ಕಂತಿನಲ್ಲಿ ತೀರಿಸುವ ಒಪ್ಪಂದ. 2007ರಿಂದ ಆ ದುಡ್ಡು ಬರುತ್ತಿದೆ, ಮೊದಲು ಖರ್ಚು ಮಾಡಿದ್ದು ಮನೆಗಳು ಬೆಚ್ಚಗಿರುವ ಹಾಗೆ ಗೋಡೆ, ಮಾಡು ಸರಿಮಾಡುವುದಕ್ಕೆ.

ನಮ್ಮಲ್ಲಿ ಅಂಥ ರೂಢಿ ಇಲ್ಲ. ಇರುವುದು 2013ರ ಕಂಪನಿ ಕಾಯ್ದೆ. ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ನೂರಕ್ಕೆ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು, ತಾವು ಕೆಲಸ ಮಾಡುವ ಊರಿಗೆ ಆದ್ಯತೆ ಕೊಡಬೇಕು. ಅದರಲ್ಲಿ ಹೆಚ್ಚಾಗಿ ಆಗುವುದು ಏನು? ಒಂದು ನೀರಿನ ಟ್ಯಾಂಕು, ಶಾಲೆಗೆ ಹತ್ತು ಬೆಂಚು, ಬೆಂಚಿಗಿಂತ ದೊಡ್ಡ ಬೋರ್ಡು. ಅದಕ್ಕೆ ಬದಲು ಇಷ್ಟು ಮೆಗಾವಾಟಿಗೆ ಇಷ್ಟು ರೂಪಾಯಿ, ಪ್ರತಿ ವರ್ಷ, ಗ್ರಾಮಸಭೆ ಹೇಳಿದ ಕೆಲಸಕ್ಕೆ ಅಂತ ಕೇಳಿ. ಕೇಳುವ ಶಕ್ತಿ ಊರಿಗೆ ಇರುವುದು ಸಹಿ ಹಾಕುವ ಮೊದಲು ಮಾತ್ರ.

ಪ್ರಶ್ನೆ: ಗಾಳಿಯಂತ್ರ ಇರುವ ಊರಿಗೆ ಕರೆಂಟು ಫ್ರೀ ಅಂತೆ, ಅಲ್ಲಿ ಲೈಟು ಹೋಗುವುದೇ ಇಲ್ಲವಂತೆ, ಹೌದಾ? (ಓದುಗರು, ಬ್ರಹ್ಮಾವರ)

ಉತ್ತರ: ಇಲ್ಲ ಮಾರಾಯ್ರೆ. ಎಲ್ಲೂರಿನಲ್ಲಿ 1,200 ಮೆಗಾವಾಟಿನ ಕಲ್ಲಿದ್ದಲು ಸ್ಥಾವರ ಇದೆ, ಹೊಸಂಗಡಿಯ ನೆಲದಡಿಯಲ್ಲಿ 460 ಮೆಗಾವಾಟಿನ ವಾರಾಹಿ ಇದೆ. ಅಂಥ ನಮ್ಮ ಉಡುಪಿ ಜಿಲ್ಲೆಯಲ್ಲಿ ಮಳೆಗಾಲದ ರಾತ್ರಿ ಕ್ಯಾಂಡಲ್ ಹುಡುಕುವುದು ತಪ್ಪಿದೆಯಾ? ಯಂತ್ರದ ಕರೆಂಟು ಸಬ್‌ಸ್ಟೇಷನ್ನಿಗೆ ಹೋಗಿ ದೊಡ್ಡ ಜಾಲಕ್ಕೆ ಸೇರುತ್ತದೆ. ನಿಮ್ಮ ಮನೆಗೆ ಬರುವ ಲೈನು ಬೇರೆಯೇ. ಅದರ ಮೇಲೆ ಹಲಸಿನ ಕೊಂಬೆ ಬಿದ್ದರೆ ಪಕ್ಕದಲ್ಲಿ ನೂರು ಗಾಳಿಯಂತ್ರ ಇದ್ದರೂ ಕತ್ತಲೆಯೇ. ತಿಂಗಳಿಗೆ 200 ಯೂನಿಟ್‌ವರೆಗೆ ಫ್ರೀ ಅಂತ 2023ರಿಂದ ಸಿಗುತ್ತಿರುವುದು ಗೃಹಜ್ಯೋತಿ, ಅದಕ್ಕೂ ಗಾಳಿಗೂ ಸಂಬಂಧ ಇಲ್ಲ.

ಪ್ರಶ್ನೆ: ಜೂನ್, ಜುಲೈಯಲ್ಲಿ ನಮ್ಮಲ್ಲಿ ಹಂಚು ಹಾರುವಷ್ಟು ಗಾಳಿ. ಮತ್ತೆ ಚಿತ್ರದುರ್ಗ, ಗದಗದಲ್ಲಿ ಇರುವ ಗಾಳಿಯಂತ್ರ ಬೈಂದೂರಿನಲ್ಲಿ ಯಾಕಿಲ್ಲ? (ನಿವೃತ್ತ ಶಿಕ್ಷಕರು, ಬೈಂದೂರು)

ಉತ್ತರ: ಹಂಚು ಹಾರಿಸುವ ಗಾಳಿ ಬೇರೆ, ಯಂತ್ರ ತಿರುಗಿಸುವ ಗಾಳಿ ಬೇರೆ ಮಾಸ್ಟ್ರೇ. ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟಾಗುತ್ತದೆ, ವೇಗ ಅರ್ಧಕ್ಕೆ ಇಳಿದರೆ ಎಂಟರಲ್ಲಿ ಒಂದೇ ಪಾಲು. ಹಾಗಾಗಿ ಎರಡು ದಿನ ರಭಸವಾಗಿ ಬೀಸಿ ಹನ್ನೆರಡು ದಿನ ಮಲಗುವ ಗಾಳಿ ಲೆಕ್ಕಕ್ಕೆ ಬರುವುದಿಲ್ಲ. ಸೆಕೆಂಡಿಗೆ ಸುಮಾರು 3 ಮೀಟರ್ ವೇಗಕ್ಕೆ ಯಂತ್ರ ಶುರುವಾಗುತ್ತದೆ, 25 ಮೀಟರ್ ದಾಟಿದರೆ ತನ್ನನ್ನು ಕಾಪಾಡಿಕೊಳ್ಳಲು ತಾನೇ ನಿಲ್ಲುತ್ತದೆ. ಅಂದರೆ ನಿಮ್ಮ ಹಂಚು ಜೋರಾಗಿ ಹಾರುವ ಹೊತ್ತಿಗೆ ಅದು ರೆಕ್ಕೆ ಮಡಚಿ ಕೂತಿರುತ್ತದೆ. ನಮ್ಮ ಕರಾವಳಿಯಲ್ಲಿ ತೆಂಗು, ಕಂಗು, ಗುಡ್ಡ ಎಲ್ಲ ಸೇರಿ ನೆಲದ ಹತ್ತಿರದ ಗಾಳಿಯನ್ನು ಮುರಿಯುತ್ತವೆ. ಘಟ್ಟದ ತುದಿಯಲ್ಲಿ ಒಳ್ಳೆ ಗಾಳಿ ಇದೆ, ನಿಜ. ಆದರೆ ಅದು ಮೂಕಾಂಬಿಕಾ, ಸೋಮೇಶ್ವರ, ಕುದುರೆಮುಖದ ಕಾಡು. ಅಲ್ಲಿ 60-70 ಮೀಟರ್ ಉದ್ದದ ರೆಕ್ಕೆ ಸಾಗಿಸುವುದಕ್ಕೆ ರಸ್ತೆ ಕಡಿಯುವುದು ಬೇಡವೇ ಬೇಡ. ಚೆನ್ನೈಯ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆಯ ಅಂದಾಜಿನಂತೆ 150 ಮೀಟರ್ ಎತ್ತರದಲ್ಲಿ ಕರ್ನಾಟಕದ ಸಾಧ್ಯತೆ 1,69,000 ಮೆಗಾವಾಟ್. ಅದಕ್ಕೆ ಬಯಲುಸೀಮೆಯೇ ಸಾಕು.

ಪ್ರಶ್ನೆ: ನಾನು ಗ್ರಾಮ ಪಂಚಾಯಿತಿ ಸದಸ್ಯ. ಪಂಚಾಯಿತಿಯೇ ಗಾಳಿಯಂತ್ರ ಹಾಕಬಹುದಾ? ಸಭೆಯಲ್ಲಿ ಹೇಳಿದರೆ ಎಲ್ಲರೂ ನಗುತ್ತಾರೆ. (ಓದುಗರು, ಕಾರ್ಕಳ ತಾಲೂಕು)

ಉತ್ತರ: ನಗಲಿ ಬಿಡಿ. ಊಟಿಗೆ ಹೋಗುವ ದಾರಿಯಲ್ಲಿ ಮೆಟ್ಟುಪಾಳಯಂ ಸಿಗುತ್ತದಲ್ಲ, ಅದರ ಹತ್ತಿರ ಓಡಂತುರೈ ಅಂತ ಪಂಚಾಯಿತಿ. ಅವರು 2006ರಲ್ಲಿ 350 ಕಿಲೋವಾಟಿನ ಒಂದು ಯಂತ್ರ ಕೊಂಡರು. ಬೆಲೆ 1 ಕೋಟಿ 55 ಲಕ್ಷ. ಅದರಲ್ಲಿ 1 ಕೋಟಿ 15 ಲಕ್ಷ ಬ್ಯಾಂಕ್ ಸಾಲ, ಉಳಿದದ್ದು ಪಂಚಾಯಿತಿಯ ಉಳಿತಾಯ. ಬೀದಿದೀಪ, ಕುಡಿಯುವ ನೀರಿನ ಪಂಪು, ಇವುಗಳ ಬಿಲ್ಲು ಕಟ್ಟಿ ಕಟ್ಟಿ ಸಾಕಾಗಿ ಮಾಡಿದ ಕೆಲಸ ಇದು. ಊರಿಗೆ ಬೇಕಾದಷ್ಟು ಲೆಕ್ಕ ಕಳೆದು ಮಿಕ್ಕ ಕರೆಂಟನ್ನು ತಮಿಳುನಾಡಿನ ವಿದ್ಯುತ್ ಮಂಡಳಿಗೆ ಮಾರಿದರು.

ನಿಮಗೆ ಬೇಕಾದ ವಿಷಯ ಇದರಲ್ಲಿ ಇನ್ನೊಂದಿದೆ. ಆ ಯಂತ್ರ ಇರುವುದು ಓಡಂತುರೈಯಲ್ಲಿ ಅಲ್ಲ! ದೂರದ ಉಡುಮಲಪೇಟೆ ಕಡೆ, ಪಾಲಕ್ಕಾಡಿನ ಕಣಿವೆಯಿಂದ ಗಾಳಿ ನುಗ್ಗಿ ಬರುವ ಜಾಗದಲ್ಲಿ ಇದೆ. ಅಲ್ಲಿ ಜಾಲಕ್ಕೆ ಹಾಕಿದ ಯೂನಿಟ್ಟು ಓಡಂತುರೈಯ ಬಿಲ್ಲಿನಲ್ಲಿ ಕಳೆಯುತ್ತದೆ. ಹಾಗಾಗಿ ಕಾರ್ಕಳದಲ್ಲಿ ಗಾಳಿ ಸಾಲದು ಅನ್ನುವುದು ನೆಪ ಆಗಬಾರದು. ಹಾಗಂತ ನಾಳೆಯೇ ಸಾಲಕ್ಕೆ ಅರ್ಜಿ ಹಾಕಬೇಡಿ. ಮೊದಲು ನಿಮ್ಮ ಪಂಚಾಯಿತಿ ನೀರಿನ ಪಂಪಿಗೆ, ಬೀದಿದೀಪಕ್ಕೆ ವರ್ಷಕ್ಕೆ ಎಷ್ಟು ಬಿಲ್ಲು ಕಟ್ಟುತ್ತದೆ, ಬಾಕಿ ಎಷ್ಟಿದೆ ಅಂತ ಪಿಡಿಒ ಹತ್ತಿರ ಕೂತು ಬರೆದುಕೊಳ್ಳಿ. ಇನ್ನೊಬ್ಬರ ಲೈನಿನ ಮೂಲಕ ಕರೆಂಟು ತರಿಸುವುದಕ್ಕೆ ಶುಲ್ಕ ಇದೆ, ನಿಯಮ ಬದಲಾಗುತ್ತಿರುತ್ತದೆ. ನಾಲ್ಕೈದು ಪಂಚಾಯಿತಿ ಸೇರಿದರೆ ಮೆಸ್ಕಾಂ ಕಚೇರಿಯಲ್ಲಿ ಕೂರಿಸಿ ಮಾತಾಡುತ್ತಾರೆ. ಒಬ್ಬರೇ ಹೋದರೆ, ನಿಮಗೆ ಗೊತ್ತಲ್ಲ.

ಪ್ರಶ್ನೆ: ಸಮುದ್ರದಲ್ಲಿ ಗಾಳಿಯಂತ್ರ ಹಾಕುತ್ತಾರಂತೆ. ನಮ್ಮ ಬೋಟುಗಳ ಗತಿ ಏನು? (ಓದುಗರು, ಮಲ್ಪೆ)

ಉತ್ತರ: 2024ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಸಹಾಯಧನಕ್ಕೆ ಒಪ್ಪಿಗೆ ಕೊಟ್ಟದ್ದು ಗುಜರಾತ್ ಮತ್ತು ತಮಿಳುನಾಡಿನ ಕಡಲಿಗೆ, ತಲಾ 500 ಮೆಗಾವಾಟಿಗೆ. ಮಲ್ಪೆಗೆ ಅಲ್ಲ. ಆದರೆ ಆ ಎರಡು ಕಡೆಯ ಮೀನುಗಾರರ ಸಂಘದವರ ಫೋನ್ ನಂಬರು ಇಟ್ಟುಕೊಳ್ಳಿ.

ಪ್ರಶ್ನೆ: ಗಾಳಿಯಂತ್ರ ಮೋಡ ಓಡಿಸುತ್ತದೆ, ಅದಕ್ಕೇ ಬಯಲುಸೀಮೆಯಲ್ಲಿ ಮಳೆ ಇಲ್ಲ ಅಂತ ನಮ್ಮ ಹಾಸ್ಟೆಲಿನಲ್ಲಿ ವಾದ. ಹಕ್ಕಿಗಳೂ ಸಾಯುತ್ತವಂತೆ. (ವಿದ್ಯಾರ್ಥಿನಿ, ಸುರತ್ಕಲ್)

ಉತ್ತರ: ಮೊದಲನೆಯದು ಸುಮ್ನೆ ಮಾತು. ರೆಕ್ಕೆಯ ತುದಿ ಮುಟ್ಟುವುದು ಹೆಚ್ಚೆಂದರೆ 200 ಮೀಟರ್ ಚಿಲ್ಲರೆ. ಕುದುರೆಮುಖ 1,800 ಮೀಟರ್ ದಾಟಿ ನಿಂತಿದೆ, ಅದು ಮೋಡ ಓಡಿಸಿತಾ? ನಮ್ಮ ತಲೆ ಮೇಲೆ ಸುರಿಸಿತು. ಘಟ್ಟ ಈ ಕಡೆ ಮಳೆ ಹಿಂಡಿಕೊಂಡ ಮೇಲೆ ಆ ಕಡೆಗೆ ಉಳಿಯುವುದು ಬರೀ ಗಾಳಿ. ಅದಕ್ಕೇ ಒಣ ಊರಿನಲ್ಲೇ ಯಂತ್ರ ಕಾಣುತ್ತದೆ, ನೋಡಿದವರು ಯಂತ್ರದಿಂದ ಬರ ಅಂತ ತಿರುಗಿಸಿ ಹೇಳುತ್ತಾರೆ.

ಎರಡನೆಯದು ಮಾತ್ರ ಗಂಭೀರ. ಮಹಾರಾಷ್ಟ್ರದ ಸಾತಾರಾ ಹತ್ತಿರದ ಚಾಳ್ಕೆವಾಡಿ ಬಯಲಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮಾಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಯಂತ್ರ ಇಲ್ಲದ ಕಡೆ ಗಿಡುಗದಂತಹ ಬೇಟೆ ಹಕ್ಕಿಗಳು ಸುಮಾರು ನಾಲ್ಕು ಪಟ್ಟು ಜಾಸ್ತಿ ಇದ್ದವು. ಯಂತ್ರ ಇರುವ ಕಡೆ ತಿನ್ನುವ ಹಕ್ಕಿ ಕಡಿಮೆಯಾಗಿ ಓತಿಕ್ಯಾತಗಳು ಹೆಚ್ಚಾಗಿದ್ದವು. ಜಾಗ ಆರಿಸುವಾಗಲೇ ಇದನ್ನು ನೋಡಬೇಕು. ಗದಗದ ಕಪ್ಪತಗುಡ್ಡ ವನ್ಯಜೀವಿ ಧಾಮದಂಥ ಜಾಗದ ಪಕ್ಕ ಯಂತ್ರ ಬರುತ್ತದೆ ಅಂದರೆ ಜನ ಪ್ರಶ್ನೆ ಕೇಳುವುದು ಸರಿಯೇ.

ಪ್ರಶ್ನೆ: ಪಡುಬಿದ್ರಿ ಪೇಟೆಯಲ್ಲಿ ಹಿಂದೆ ಉದ್ದುದ್ದ ಟ್ರೈಲರಿನಲ್ಲಿ ಬಿಳಿ ರೆಕ್ಕೆ ಹೋಗುವುದನ್ನು ನೋಡಿದ್ದೆ. ಅದು ಎಂತದರಿಂದ ಮಾಡುವುದು? ಹಳತಾದರೆ ಗುಜರಿಗೆ ಹೋಗುತ್ತದಾ? (ಓದುಗರು, ಹೆಜಮಾಡಿ)

ಉತ್ತರ: ನಾನೂ ಅಲ್ಲಿ ಬಸ್ಸಿನಲ್ಲಿ ಕೂತು ಕಾದಿದ್ದೇನೆ. ಟ್ರೈಲರ್ ತಿರುಗುವಾಗ ರೆಕ್ಕೆಯ ತುದಿ ಅಂಗಡಿಯ ಮಾಡಿಗೆ ತಾಗುತ್ತದೋ ಅಂತ ಒಬ್ಬ ಹುಡುಗ ಕೋಲು ಹಿಡಿದು ಹಿಂದೆ ಹಿಂದೆ ಓಡುತ್ತಿದ್ದ. ಅದು ಕಬ್ಬಿಣ ಅಲ್ಲ. ಗಾಜಿನ ನಾರು, ಅಂಟು, ಮಧ್ಯದಲ್ಲಿ ಬಾಲ್ಸಾ ಅನ್ನುವ ಹಗುರ ಮರ. ಕಂಬದ ಉಕ್ಕು, ಒಳಗಿನ ತಾಮ್ರಕ್ಕೆ ಗುಜರಿಯವರು ಓಡಿ ಬರುತ್ತಾರೆ, ರೆಕ್ಕೆ ಮಾತ್ರ ಯಾರಿಗೂ ಬೇಡ. ಕರಗಿಸಲು ಆಗುವುದಿಲ್ಲ, ಬೇರೆ ದೇಶಗಳಲ್ಲಿ ಎಷ್ಟೋ ಕಡೆ ಗುಂಡಿ ತೋಡಿ ಹೂತಿದ್ದಾರೆ. ಯಂತ್ರದ ಆಯುಷ್ಯ 20-25 ವರ್ಷ. ಮಣಿಪಾಲದ ಅಮ್ಮ ಇದನ್ನು ಓದುತ್ತಿದ್ದರೆ ತಮ್ಮನಿಗೆ ಇನ್ನೊಂದು ಫೋನ್ ಮಾಡಿ. ಅವಧಿ ಮುಗಿದ ಮೇಲೆ ಕಂಬ, ರೆಕ್ಕೆ, ನೆಲದೊಳಗಿನ ಕಾಂಕ್ರೀಟು, ಇವನ್ನು ತೆಗೆದು ಹೊಲ ಉಳುವ ಹಾಗೆ ಮಾಡಿಕೊಡುವವರು ಯಾರು, ಅದಕ್ಕೆ ಈಗಲೇ ಬ್ಯಾಂಕಿನಲ್ಲಿ ಠೇವಣಿ ಇಡುತ್ತಾರಾ ಅಂತ ಕೇಳಲು ಹೇಳಿ. ಮೇಲೆ ಕಾಗದದ ಪಟ್ಟಿ ಹೇಳುವಾಗ ನನಗೇ ಇದು ಮರೆತು ಹೋಗಿತ್ತು.