ನಾಟಕದಲ್ಲಿ ಮೂರು ಕ್ಯಾಮೆರಾ ಇಟ್ಟು ಲೈವ್ ಆಗಿ ಪರದೆ ಮೇಲೆ ತೋರಿಸಲು ಏನೇನು ಬೇಕು?

ನಿಮ್ಮದು ಹವ್ಯಾಸಿ ತಂಡ. ಮೂರು ಕ್ಯಾಮೆರಾ ಇರುತ್ತವೆ, ಹಿಂದೆ ದೊಡ್ಡ ಪರದೆ ಇರುತ್ತದೆ, ನಟರ ಮುಖ ಆಗಿಂದಾಗಲೇ ಅದರ ಮೇಲೆ ಬರಬೇಕು. ಫೋನ್ ಸಾಕಾ, ಇಲ್ಲ ಒಳ್ಳೇ ಕ್ಯಾಮೆರಾನೇ ಬೇಕಾ ಅಂತ ಕೇಳಿದ್ದೀರಿ. ನಾನು ನಮ್ಮ ತಂಡದಲ್ಲಿ ಲೈಟು, ಪ್ರೊಜೆಕ್ಟರ್ ನೋಡಿಕೊಳ್ಳುವವನು. ಈ ಹಳ್ಳಕ್ಕೆ ಒಮ್ಮೆ ಬಿದ್ದು ಎದ್ದಿದ್ದೇನೆ. ಹಾಗಾಗಿ ಕ್ಯಾಮೆರಾ ವಿಷಯ ಆಮೇಲೆ. ಮೊದಲು ಸ್ಕ್ರಿಪ್ಟ್ ತೆಗೆದು, ವಿಡಿಯೊ ಬರುವ ಪ್ರತಿ ಜಾಗದ ಪಕ್ಕದಲ್ಲೂ ಒಂದು ಪ್ರಶ್ನೆ ಬರೆದುಕೊಳ್ಳಿ: ಆ ಹೊತ್ತಿಗೆ ನಟ ಜನರಿಗೆ ನೇರವಾಗಿಯೂ ಕಾಣುತ್ತಾನಾ, ಇಲ್ಲ ಪರದೆಯಲ್ಲಿ ಮಾತ್ರ ಕಾಣುತ್ತಾನಾ? ಏನು ಕೊಳ್ಳಬೇಕು, ಏನು ಬಾಡಿಗೆಗೆ ತರಬೇಕು ಅನ್ನುವುದು ಇದರ ಮೇಲೇ ನಿಂತಿದೆ.

ನಮ್ಮ ಮೊದಲ ಪ್ರಯೋಗದಲ್ಲಿ ಅಜ್ಜಿ ಪಾತ್ರದವರು ರಂಗದ ಮುಂಭಾಗದಲ್ಲೇ ಕೂತು ಮಾತಾಡುತ್ತಿದ್ದರು. ಹಿಂದೆ ಹನ್ನೆರಡು ಅಡಿ ಎತ್ತರದಲ್ಲಿ ಅವರದೇ ಮುಖ. ಮಾತು ಮೊದಲು ಕೇಳುತ್ತಿತ್ತು, ತುಟಿ ಆಮೇಲೆ ಅಲ್ಲಾಡುತ್ತಿತ್ತು. ಕೆಟ್ಟದಾಗಿ ಡಬ್ ಮಾಡಿದ ಸಿನಿಮಾ ಥರ. ಅಜ್ಜಿ ಅಳುವ ದೃಶ್ಯಕ್ಕೆ ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕಂತ ನಕ್ಕರು.

ಎಷ್ಟು ತಡ ಆಗುತ್ತಿದೆ ಅಂತ ನೀವೇ ಅಳೆಯಬಹುದು. ಒಂದು ಫೋನಿನಲ್ಲಿ ಸ್ಟಾಪ್‌ವಾಚ್ ಓಡಿಸಿ ಕ್ಯಾಮೆರಾ ಮುಂದೆ ಹಿಡಿಯಿರಿ. ಆ ಫೋನು ಮತ್ತು ಪರದೆ ಎರಡೂ ಬರುವ ಹಾಗೆ ಇನ್ನೊಂದು ಫೋನಿನಲ್ಲಿ ಫೋಟೊ ತೆಗೆಯಿರಿ. ಎರಡು ಅಂಕಿಗಳ ವ್ಯತ್ಯಾಸವೇ ನಿಮ್ಮ ಡಿಲೇ. ನಾಲ್ಕೈದು ಸಲ ಮಾಡಿ ಸರಾಸರಿ ತೆಗೆಯಿರಿ. ಸೆಕೆಂಡಿಗೆ 50 ಫ್ರೇಮ್ ಅಂದರೆ ಒಂದು ಫ್ರೇಮಿಗೆ 20 ಮಿಲಿಸೆಕೆಂಡ್. ಕ್ಯಾಮೆರಾ ಎರಡು ಮೂರು ಫ್ರೇಮ್ ತಿನ್ನುತ್ತದೆ, ಸ್ವಿಚರ್ (ಯಾವ ಕ್ಯಾಮೆರಾದ ಚಿತ್ರ ಪರದೆಗೆ ಹೋಗಬೇಕು ಅಂತ ಆರಿಸುವ ಪೆಟ್ಟಿಗೆ) ಒಂದು, ಪ್ರೊಜೆಕ್ಟರ್ ಒಂದೋ ಎರಡೋ. ಎಲ್ಲ ಸೇರಿ 100 ಮಿಲಿಸೆಕೆಂಡ್ ಆಚೀಚೆ ಆಗುತ್ತದೆ. ಮಧ್ಯೆ ಲ್ಯಾಪ್‌ಟಾಪ್ ಬಂದರೆ ಇನ್ನೂ ಜಾಸ್ತಿ.

100 ಮಿಲಿಸೆಕೆಂಡ್ ಏನು ಮಹಾ ಅನ್ನಿಸಬಹುದು. ಆದರೆ ನಮ್ಮ ಕಿವಿಗೆ ಮಿಂಚು ಮೊದಲು, ಗುಡುಗು ಆಮೇಲೆ ಅನ್ನುವುದು ಅಭ್ಯಾಸ. ಸದ್ದು ತಡವಾಗಿ ಬಂದರೆ ಸಹಿಸಿಕೊಳ್ಳುತ್ತೇವೆ. ಇಲ್ಲಿ ಗುಡುಗೇ ಮೊದಲು ಬರುತ್ತದೆ, ಅದಕ್ಕೇ ತಕ್ಷಣ ಗೊತ್ತಾಗಿಬಿಡುತ್ತದೆ. ಒಂದು ತಮಾಷೆ ನೋಡಿ: ಹಿಂದಿನ ಸಾಲಿನವರಿಗೆ ಇದು ಕಡಿಮೆ ಕಾಣುತ್ತದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 15 ಮೀಟರ್ ದೂರ ಕೂತವರಿಗೆ ಮೈಕ್ ಇಲ್ಲದ ಮಾತು ಹೇಗೂ 44 ಮಿಲಿಸೆಕೆಂಡ್ ತಡವಾಗಿಯೇ ಮುಟ್ಟುತ್ತದೆ. ಹಾಗಾಗಿ ಲೈಟ್ ಬೂತಿನಲ್ಲಿ ಕೂತು "ಪರವಾಗಿಲ್ಲ, ಚೆನ್ನಾಗಿದೆ" ಅಂದುಕೊಳ್ಳಬೇಡಿ. ಮುಂದಿನ ಸಾಲಿಗೆ ಹೋಗಿ ಕೂತು ನೋಡಿ.

ಈ ಡಿಲೇಯನ್ನು ಪೂರ್ತಿ ಕೊಲ್ಲಲು ಆಗುವುದಿಲ್ಲ. ಬಚ್ಚಿಡಬಹುದು ಅಷ್ಟೆ.

ನಟ ಪರದೆಯಲ್ಲಿ ಮಾತ್ರ ಕಾಣುವ ದೃಶ್ಯ ಇದ್ದರೆ ನೀವು ಗೆದ್ದಿರಿ. ಬರ್ಲಿನ್‌ನ ಫೋಕ್ಸ್‌ಬ್ಯೂನೆ ರಂಗಮಂದಿರದಲ್ಲಿ ನಿರ್ದೇಶಕ ಫ್ರಾಂಕ್ ಕಾಸ್ಟಾರ್ಫ್ ವರ್ಷಗಟ್ಟಲೆ ಇದನ್ನೇ ಮಾಡಿದರು. ಸೆಟ್‌ನೊಳಗೆ ಮುಚ್ಚಿದ ಕೋಣೆಗಳು, ಅಲ್ಲಿ ನಟರು, ಅವರ ಹಿಂದೆ ಕ್ಯಾಮೆರಾ. ಜನ ನೋಡುವುದು ಪರದೆಯನ್ನು ಮಾತ್ರ. ನಾವು ಎರಡನೇ ಪ್ರಯೋಗಕ್ಕೆ ಅಜ್ಜಿಯನ್ನು ಪ್ಲೈವುಡ್ ಗೋಡೆಯ ಹಿಂದೆ, ಒಳಮನೆಗೆ ಕಳಿಸಿದೆವು. ಅವರಿಗೆ ಕಾಲರ್ ಮೈಕ್ ಹಾಕಿ, ಡಿಜಿಟಲ್ ಸೌಂಡ್ ಮಿಕ್ಸರ್‌ನಲ್ಲಿ ಆ ಮೈಕಿಗೆ 120 ಮಿಲಿಸೆಕೆಂಡ್ ಡಿಲೇ ಕೊಟ್ಟೆವು. ತುಟಿಯೂ ಮಾತೂ ಕೂಡಿಕೊಂಡವು. ಒಂದೇ ಷರತ್ತು, ಅವರ ನಿಜವಾದ ದನಿ ಗೋಡೆ ದಾಟಿ ಆಚೆ ಕೇಳಬಾರದು. ಮೆಲ್ಲಗೆ ಮಾತಾಡಿ ಅಂದೆವು. ನಲವತ್ತು ವರ್ಷ ಕೊನೇ ಸಾಲಿಗೆ ಕೇಳುವ ಹಾಗೆ ಮಾತಾಡಿದ ನಟಿ. ಪಿಸುಗುಟ್ಟಲು ಕಲಿಯುವುದಕ್ಕೆ ಒಂದು ವಾರ ತೊಗೊಂಡರು. ಕಲಿತ ಮೇಲೆ ಆ ದೃಶ್ಯದ ಬಣ್ಣವೇ ಬದಲಾಯಿತು.

ನಟ ಎದುರಿಗೂ ಕಾಣಬೇಕು, ಪರದೆಯಲ್ಲೂ ಕಾಣಬೇಕು ಅಂದರೆ ತುಟಿ ತೋರಿಸಬೇಡಿ. ಕೈ ತೋರಿಸಿ, ಬೆನ್ನು ತೋರಿಸಿ, ಸುಮ್ಮನೆ ಕೇಳಿಸಿಕೊಳ್ಳುತ್ತಿರುವವರ ಮುಖ ತೋರಿಸಿ. ನಮ್ಮಲ್ಲಿ ಸೊಸೆ ಪಾತ್ರ ಮಾತಾಡುತ್ತಾ ಅವರೆಕಾಳು ಹಿಸುಕುತ್ತಾಳೆ. ಮೇಲೆ ಒಂದು ಕ್ಯಾಮೆರಾ ನೇರ ಕೆಳಗೆ ನೋಡುವ ಹಾಗೆ ಕಟ್ಟಿದ್ದೆವು. ನೆನೆದ ಕಾಳು ಎರಡು ಬೆರಳ ನಡುವೆ ಜಾರಿ, ಸಿಪ್ಪೆ ಬಿಟ್ಟು ಚಿಮ್ಮುವುದು ಇಡೀ ಪರದೆ ತುಂಬುತ್ತಿತ್ತು. ಅತ್ತೆಯ ಹೆಸರು ಬಂದಾಗ ಹಿಸುಕುವುದು ಜೋರಾಗುತ್ತಿತ್ತು. ಅಲ್ಲೂ ಅದೇ 120 ಮಿಲಿಸೆಕೆಂಡ್ ಇತ್ತು, ಒಬ್ಬರಿಗೂ ಗೊತ್ತಾಗಲಿಲ್ಲ.

ಇನ್ನೊಂದು ದಾರಿ, ಸದ್ದು ಮತ್ತು ಚಿತ್ರ ಬೇರೆ ಬೇರೆ ಕಡೆಯಿಂದ ಬರುತ್ತಿವೆ ಅಂತ ಒಪ್ಪಿಕೊಂಡೇ ಆಡುವುದು. ಲಂಡನ್‌ನ ನ್ಯಾಷನಲ್ ಥಿಯೇಟರ್‌ನಲ್ಲಿ 2006ರಲ್ಲಿ ನಿರ್ದೇಶಕಿ ಕೇಟಿ ಮಿಚೆಲ್ ಮಾಡಿಸಿದ ‘ವೇವ್ಸ್’ ನಾಟಕದಲ್ಲಿ ನಟರೇ ಕ್ಯಾಮೆರಾ ಹಿಡಿದು, ಒಬ್ಬರ ಮುಖಕ್ಕೆ ಇನ್ನೊಬ್ಬರು ದೀಪ ಹಿಡಿದು, ಹೆಜ್ಜೆ ಸದ್ದನ್ನು ಮತ್ತೊಬ್ಬರು ಬೇರೆ ಕಡೆ ಮಾಡುತ್ತಾರೆ. ತಯಾರಿಯೂ ಕಾಣುತ್ತದೆ, ಪರದೆಯ ಮೇಲಿನ ಚಿತ್ರವೂ ಕಾಣುತ್ತದೆ. ಹಣಕ್ಕಿಂತ ತಾಲೀಮು ಜಾಸ್ತಿ ಬೇಡುವ ದಾರಿ ಇದು.

ಲೈವ್ ನಿಜಕ್ಕೂ ಬೇಕಾ ಅಂತಲೂ ಒಮ್ಮೆ ಯೋಚಿಸಿ. ಗಿರೀಶ ಕಾರ್ನಾಡರ ‘ಒಡಕಲು ಬಿಂಬ’ದಲ್ಲಿ ಲೇಖಕಿಯೊಬ್ಬಳು ಟಿವಿ ಸ್ಟುಡಿಯೊದಲ್ಲಿ ತನ್ನದೇ ಬಿಂಬದ ಜೊತೆ ವಾದಕ್ಕಿಳಿಯುತ್ತಾಳೆ. ಅರುಂಧತಿ ನಾಗ್ ಮಾಡಿದಾಗ ಬಿಂಬದ ಭಾಗ ಮೊದಲೇ ಚಿತ್ರೀಕರಿಸಿದ್ದು. ಬಿಂಬ ಕಾಯುವುದಿಲ್ಲ, ನಟಿಯೇ ಅದರ ಲೆಕ್ಕಕ್ಕೆ ಉಸಿರಾಡಬೇಕು. ನಿಮ್ಮ ಮೂರರಲ್ಲಿ ಒಂದು ಕ್ಯಾಮೆರಾದ ಕೆಲಸ ರೆಕಾರ್ಡಿಂಗಿನಲ್ಲೇ ಆಗುತ್ತದೆ ಅಂದರೆ ಮಾಡಿಬಿಡಿ, ಒಂದು ತಲೆನೋವು ಕಡಿಮೆ.

ಈಗ ಸಾಮಾನು. ಫೋನ್ ಬೇಡ ಅಂತಲೇ ನನ್ನ ಸಲಹೆ. ಚಿತ್ರ ಚೆನ್ನಾಗಿರುತ್ತದೆ, ಆದರೆ ವೈಫೈ ಮೇಲೆ ಬರುವ ಡಿಲೇ ಒಂದೇ ಸಮ ಇರುವುದಿಲ್ಲ, ಮಿಕ್ಸರ್‌ನಲ್ಲಿ ಸರಿಮಾಡಲೂ ಆಗುವುದಿಲ್ಲ. ತಾಲೀಮಿನಲ್ಲಿ ಬೆಣ್ಣೆಯ ಹಾಗೆ ಓಡಿದ್ದು ಶೋ ದಿನ ಹಾಲ್ ತುಂಬಿ, ಎಲ್ಲರ ಜೇಬಿನಲ್ಲೂ ಒಂದೊಂದು ಫೋನ್ ಬಂದಾಗ ತಡವರಿಸಿತು. ವೈರೇ ಗಟ್ಟಿ. ಯಾರದಾದರೂ ಮನೆಯಲ್ಲಿ ಹಳೇ ಎಚ್‌ಡಿ ಹ್ಯಾಂಡಿಕ್ಯಾಮ್ ಇದ್ದರೆ ತನ್ನಿ. ಜೂಮ್ ಇರುತ್ತದೆ, ಕರೆಂಟಿಗೆ ಹಾಕಿ ಇಡಬಹುದು. ಬ್ಯಾಟರಿ ಗುರುತು, ಫೋಕಸ್ ಚೌಕ ಎಲ್ಲ ಎಚ್‌ಡಿಎಂಐ ಕೇಬಲ್‌ನಲ್ಲಿ ಹೊರಗೆ ಬರದ ಹಾಗೆ ಮೆನುವಿನಲ್ಲಿ ಆಫ್ ಮಾಡಿ. ತನ್ನಷ್ಟಕ್ಕೆ ಆಫ್ ಆಗುವ ಸೆಟ್ಟಿಂಗ್ ಕೂಡ ತೆಗೆಯಿರಿ.

ಸ್ವಿಚರ್‌ಗೆ ಬ್ಲ್ಯಾಕ್‌ಮ್ಯಾಜಿಕ್ ಕಂಪನಿಯ ಏಟೆಮ್ ಮಿನಿ ಸಾಕು. ನಾಲ್ಕು ಎಚ್‌ಡಿಎಂಐ ಇನ್‌ಪುಟ್ ಇವೆ, ಬೇರೆ ಬೇರೆ ಜಾತಿಯ ಕ್ಯಾಮೆರಾ ಕೊಟ್ಟರೂ ಹೊಂದಿಸಿಕೊಳ್ಳುತ್ತದೆ. ಅದರ ಎಚ್‌ಡಿಎಂಐ ಔಟ್‌ನಿಂದ ನೇರ ಪ್ರೊಜೆಕ್ಟರ್‌ಗೆ ಹೋಗಿ. ಇದೇ ಕೆಲಸವನ್ನು ಲ್ಯಾಪ್‌ಟಾಪ್‌ನಲ್ಲಿ ಮಾಡುವ ಒಬಿಎಸ್ ಸಾಫ್ಟ್‌ವೇರ್ ಬಿಟ್ಟಿ ಸಿಗುತ್ತದೆ ನಿಜ, ಆದರೆ ಲ್ಯಾಪ್‌ಟಾಪ್ ಒಳಗೆ ಹೋಗಿ ಬರುವಷ್ಟರಲ್ಲಿ ಇನ್ನಷ್ಟು ಫ್ರೇಮ್ ಹೋಗಿರುತ್ತವೆ. ಎಚ್‌ಡಿಎಂಐ ಕೇಬಲ್ 10-15 ಮೀಟರ್ ದಾಟಿದರೆ ನಂಬಬೇಡಿ. ಅದಕ್ಕಿಂತ ದೂರ ಇದ್ದರೆ ಎಸ್‌ಡಿಐ (ದೂರಕ್ಕೂ ಚಿತ್ರ ಒಯ್ಯುವ ಇನ್ನೊಂದು ಬಗೆಯ ಕೇಬಲ್) ಕನ್ವರ್ಟರ್ ಬಾಡಿಗೆಗೆ ತನ್ನಿ. ಪ್ರೊಜೆಕ್ಟರನ್ನು ಪರದೆಗೆ ನೇರವಾಗಿ ಕೂರಿಸಿ, ಸೊಟ್ಟ ಚಿತ್ರವನ್ನು ನೆಟ್ಟಗೆ ಮಾಡುವ ಕೀಸ್ಟೋನ್ ಸೆಟ್ಟಿಂಗ್ ಮುಟ್ಟಬೇಡಿ. ಗೇಮ್ ಮೋಡ್ ಇದ್ದರೆ ಹಾಕಿ, ಡಿಲೇ ಸ್ವಲ್ಪ ಇಳಿಯುತ್ತದೆ.

ಇನ್ನು ಬೆಳಕು. ನಿಮ್ಮ ಬೆಳಕಿನವರ ಜೊತೆ ಜಗಳ ಆಗುವುದು ಖಂಡಿತ. ಕ್ಯಾಮೆರಾಕ್ಕೆ ಬೆಳಕು ಬೇಕು, ಪರದೆಗೆ ಕತ್ತಲೆ ಬೇಕು. ಮುಂದಿನಿಂದ ಹೊಡೆಯುವ ಲೈಟು ಪರದೆ ಮೇಲೂ ಬಿದ್ದು ಚಿತ್ರವನ್ನು ತೊಳೆದುಹಾಕುತ್ತದೆ. ಹಾಗಾಗಿ ನಟರನ್ನು ಪರದೆಯಿಂದ ಕನಿಷ್ಠ ಎಂಟು ಅಡಿ ಮುಂದೆ ತಂದು ಸೈಡ್ ವಿಂಗ್‌ನಿಂದ ಬೆಳಕು ಕೊಡಿ. ಕ್ಯಾಮೆರಾದ ಎಕ್ಸ್‌ಪೋಷರ್, ಫೋಕಸ್, ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸುವ ಸೆಟ್ಟಿಂಗ್) ಯಾವುದನ್ನೂ ಆಟೊದಲ್ಲಿ ಬಿಡಬೇಡಿ. ಹ್ಯಾಲೊಜನ್ ಲೈಟು ಇದ್ದರೆ ವೈಟ್ ಬ್ಯಾಲೆನ್ಸನ್ನು 3200 ಕೆಲ್ವಿನ್‌ಗೆ ಕಟ್ಟಿಹಾಕಿ. ಅಗ್ಗದ ಎಲ್‌ಇಡಿ ಪಾರ್ ಲೈಟು ಡಿಮ್ ಮಾಡಿದರೆ ಕಣ್ಣಿಗೆ ಸರಿಯಾಗೇ ಕಾಣುತ್ತದೆ, ಕ್ಯಾಮೆರಾದಲ್ಲಿ ಪಟ್ಟೆ ಪಟ್ಟೆ ಓಡುತ್ತದೆ. ಶಟರ್ 1/50ಕ್ಕೆ ಇಡಿ, ಆಗಲೂ ಹೋಗದಿದ್ದರೆ ಆ ಲೈಟು ಬದಲಾಯಿಸಿ. ನಮ್ಮಲ್ಲಿ ಯಜಮಾನ ಪಾತ್ರದ ಬಿಳಿ ಪಂಚೆ ಪರದೆ ಮೇಲೆ ಟ್ಯೂಬ್‌ಲೈಟ್ ಥರ ಉರಿಯುತ್ತಿತ್ತು, ಮುಖ ಮಾತ್ರ ಮಸಿ. ಕೊನೆಗೆ ಪಂಚೆಯನ್ನು ಟೀ ಡಿಕಾಕ್ಷನ್‌ನಲ್ಲಿ ಅದ್ದಿ ಒಣಗಿಸಿದೆವು, ಸರಿಹೋಯಿತು.

ಕ್ಯಾಮೆರಾ ಹಿಡಿಯುವ ಹುಡುಗರನ್ನು ಕೊನೇ ದಿನದ ಟೆಕ್ನಿಕಲ್ ತಾಲೀಮಿಗೆ ಮಾತ್ರ ಕರೆಯಬೇಡಿ, ಎರಡು ವಾರ ಮೊದಲೇ ತಾಲೀಮಿಗೆ ಕರೆಯಿರಿ. ಅವರೂ ರಂಗದ ಮೇಲೆ ಕಾಣುತ್ತಾರಲ್ವಾ? ಅವರ ಬಟ್ಟೆ, ನಡಿಗೆ ಎಲ್ಲ ನಿರ್ದೇಶಕರೇ ಹೇಳಿಕೊಡಬೇಕು. ಕ್ಯಾಮೆರಾ ಪರದೆ ಕಡೆ ತಿರುಗಿದರೆ ಪರದೆಯೊಳಗೆ ಪರದೆ, ಅದರೊಳಗೆ ಇನ್ನೊಂದು ಅಂತ ಸುರಂಗ ಬೀಳುತ್ತದೆ. ತಿರುಗಬಾರದ ಜಾಗಕ್ಕೆ ನೆಲದ ಮೇಲೆ ಟೇಪ್ ಅಂಟಿಸಿ. ಸ್ವಿಚರ್ ಒತ್ತುವವರು ಮಾತನ್ನು ಮಾತ್ರ ನಂಬದೆ ನಟರ ಉಸಿರು ನೋಡಿ ಒತ್ತಬೇಕು. ಹೇಗೂ ಚಿತ್ರ ತಡವಾಗಿ ಬರುತ್ತದೆ, ನೀವು ಒಂದು ಚೂರು ಮುಂಚೆಯೇ ಒತ್ತಿರಬೇಕು. ಏಟೆಮ್‌ನಲ್ಲಿ ಪೂರ್ತಿ ಕಪ್ಪಾಗಿಸುವ ಗುಂಡಿ ಒಂದಿದೆ, ಅದರ ಮೇಲೆ ಯಾವಾಗಲೂ ಒಂದು ಬೆರಳು ಇರಲಿ.

ಹಾಲ್ ಯಾವುದು, ಪರದೆ ಎಷ್ಟು ಅಗಲ, ಬೂತಿನಿಂದ ವಿಂಗ್‌ಗೆ ಎಷ್ಟು ದೂರ ಅಂತ ಬರೆಯಿರಿ. ಕೇಬಲ್ ಲೆಕ್ಕ ಹಾಕಿ ಹೇಳುತ್ತೇನೆ.