ಸೆಂಚಾ ಕಹಿಯಾಗುವುದೇಕೆ?

ಪ್ರಶ್ನೆ: ಜಪಾನಿನಲ್ಲಿರುವ ಮಗಳು ಸೆಂಚಾ, ಹೋಜಿಚಾ ಎಂಬ ಎರಡು ಬಗೆಯ ಚಹಾ ತಂದಿದ್ದಾಳೆ. ಸೆಂಚಾವನ್ನು ಕುದಿಯುವ ನೀರಿಗೆ ಹಾಕಿ ಐದು ನಿಮಿಷ ಮುಚ್ಚಿಟ್ಟೆ. ಬಾಯಿಗಿಡಲಾಗದಷ್ಟು ಕಹಿ, ಒಗರು. ಹೋಜಿಚಾ ಹಾಗಾಗಲಿಲ್ಲ. ಎಲೆ ಹಳೆಯದಾಗಿದೆಯೇ? ಹಾಲು ಹಾಕಬಹುದೇ?

ಉತ್ತರ: ಎಲೆಯ ತಪ್ಪಲ್ಲ. ನೀರಿನ ಬಿಸಿಯೂ ಜಾಸ್ತಿ, ನೆನೆಸಿದ ಹೊತ್ತೂ ಜಾಸ್ತಿ. ಚಹಾ ಎಲೆಯ ಒಗರಿಗೆ ಕ್ಯಾಟೆಕಿನ್ ಕಾರಣ, ಸವಿಗೆ ಥಿಯಾನಿನ್. ಥಿಯಾನಿನ್ ಬೆಚ್ಚಗಿನ ನೀರಿಗೇ ಬಿಟ್ಟುಕೊಳ್ಳುತ್ತದೆ. ನೀರು ಬಿಸಿಯಾದಷ್ಟೂ ಕ್ಯಾಟೆಕಿನ್ ಹೆಚ್ಚು ಇಳಿಯುತ್ತದೆ.

ಇಬ್ಬರಿಗೆ 5 ಗ್ರಾಂ ಎಲೆ, 200 ಮಿಲಿ ನೀರು, 75 ಡಿಗ್ರಿ ಸೆಲ್ಸಿಯಸ್ ಬಿಸಿ ಸಾಕು. ಥರ್ಮಾಮೀಟರ್ ಬೇಡ: ಕುದಿದ ನೀರನ್ನು ಪಾತ್ರೆಯಿಂದ ಪಾತ್ರೆಗೆ ಸುರಿದಾಗಲೆಲ್ಲ ಸುಮಾರು 10 ಡಿಗ್ರಿ ಇಳಿಯುತ್ತದೆ. ಎರಡು ಮೂರು ಸಲ ಸುರಿದು, ಎಲೆಯ ಮೇಲೆ ಹಾಕಿ ಒಂದು ನಿಮಿಷ ಬಿಡಿ. ಕಲಕಬೇಡಿ. ಸೂಜಿಯಂತೆ ಸುರುಳಿಗೊಂಡ ಎಲೆ ತಾನೇ ಬಿಚ್ಚಿಕೊಳ್ಳಲಿ. ಎರಡು ಬಟ್ಟಲಿಗೂ ಸ್ವಲ್ಪ ಸ್ವಲ್ಪವೇ ಬಗ್ಗಿಸುತ್ತಾ ಕೊನೆಯ ಹನಿಯವರೆಗೂ ಬಸಿಯಿರಿ; ನೀರು ಉಳಿದರೆ ಎರಡನೇ ಸಲದ ಚಹಾ ಒಗರಾಗುತ್ತದೆ. ಆಗ ನೀರು ತುಸು ಹೆಚ್ಚು ಬಿಸಿಯಿರಲಿ; ಎಲೆ ಅರಳಿರುವುದರಿಂದ 15 ಸೆಕೆಂಡ್ ಸಾಕು.

ಬೋರ್‌ವೆಲ್ ನೀರು ಬಳಸಿದರೆ ಇಷ್ಟೆಲ್ಲ ಮಾಡಿಯೂ ರುಚಿ ಮಂಕಾಗುತ್ತದೆ. ಜಪಾನಿನ ನೀರು ಬಹುಪಾಲು ಮೆದು. ಗಡಸು ನೀರು ಈ ಚಹಾಕ್ಕೆ ಒಗ್ಗುವುದಿಲ್ಲ. ಫಿಲ್ಟರ್ ನೀರು ಬಳಸಿ.

ಕಿತ್ತ ಎಲೆಯನ್ನು ತಕ್ಷಣ ಹಬೆಯಲ್ಲಿ ಬೇಯಿಸಿ, ಬಿಸಿಯ ಮೇಲೆ ಹೊಸೆಯುತ್ತಾ ಒಣಗಿಸುವ ಸೆಂಚಾ ವಿಧಾನವನ್ನು 1738ರಲ್ಲಿ ರೂಪಿಸಿದವರು ಉಜಿ ಸೀಮೆಯ ನಾಗತಾನಿ ಸೋಯೆನ್. ಹಬೆ ಎಲೆ ಕಂದಾಗದಂತೆ ತಡೆಯುತ್ತದೆ. ಹಸಿರೂ ಹಸಿ ಘಮವೂ ಉಳಿಯುವುದು ಅದರಿಂದಲೇ. ಹೋಜಿಚಾದ್ದು ಬೇರೆ ದಾರಿ: ಎಲೆ, ಕಡ್ಡಿಗಳನ್ನು ಜೋರು ಶಾಖದಲ್ಲಿ ಹುರಿಯುತ್ತಾರೆ, ಒಗರು ಅಲ್ಲಿಯೇ ತಗ್ಗುತ್ತದೆ. ಹಾಗಾಗಿ ಅದಕ್ಕೆ ಕುದಿಯುವ ನೀರೇ ಸರಿ, 30 ಸೆಕೆಂಡ್ ಸಾಕು. ಹಾಲು ಬೇಕಿದ್ದರೆ ಇದಕ್ಕೆ ಹಾಕಿ, ಹುರಿದ ಘಮಕ್ಕೆ ಚೆನ್ನಾಗಿ ಹೊಂದುತ್ತದೆ. ಸೆಂಚಾಕ್ಕೆ ಖಂಡಿತ ಬೇಡ.

ಮಗಳು ಮುಂದಿನ ಸಲ ಗ್ಯೊಕುರೊ ಎಂಬ ಚಹಾ ತಂದರೆ ಇನ್ನೂ ತಣ್ಣಗಿನ ನೀರು ಬೇಕು: 50–60 ಡಿಗ್ರಿ, ಎರಡು ನಿಮಿಷ. ಕೀಳುವ ಮೊದಲು ಸುಮಾರು 20 ದಿನ ಗಿಡಕ್ಕೆ ನೆರಳು ಕಟ್ಟುತ್ತಾರೆ. ಬಿಸಿಲು ಬೀಳದ ಎಲೆಯಲ್ಲಿ ಥಿಯಾನಿನ್ ಕಡಿಮೆಯಾಗದೆ ಉಳಿಯುತ್ತದೆ. ದುಬಾರಿ ಎಲೆ, ಸೆಂಚಾದ ಹದ ಕೈಗೆ ಹತ್ತಿದ ಮೇಲೆ ತರಿಸಿಕೊಳ್ಳಿ.

ಒಡೆದ ಪೊಟ್ಟಣವನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು ಒಂದು ತಿಂಗಳೊಳಗೆ ಮುಗಿಸಿ. ಒಡೆಯದ್ದನ್ನು ಫ್ರಿಜ್ಜಿನಲ್ಲಿಡಬಹುದು. ಹೊರತೆಗೆದ ಕೂಡಲೇ ಬಿಚ್ಚಬೇಡಿ, ತಣ್ಣಗಿನ ಎಲೆಯ ಮೇಲೆ ಗಾಳಿಯ ತೇವ ಕೂರುತ್ತದೆ.